ಎರಡು ನಲವತ್ತಕ್ಕೆ ಸೈರನ್ ಒತ್ತಲಾಯಿತು

ನೆರೆ ಬಂದ ಎಂಟನೆಯ ದಿನ ಬೆಳಿಗ್ಗೆ ಪ್ರಚಾರ ಅಧಿಕಾರಿ ಶಾಲೆಯಲ್ಲಿದ್ದ ಶಿಬಿರಕ್ಕೆ ಬಂದು, ತಗ್ಗಿನ ಕೇರಿಯಿಂದ ರಕ್ಷಿಸಲು ನಾಲ್ಕೈದು ಜನ ಬೇಕು ಎಂದು ಕೇಳಿದ.

ಶಿಬಿರದವರು ಅವನ ಮುಖ ನೋಡಿದರು. ತಗ್ಗಿನ ಕೇರಿಯಲ್ಲಿ ಆಗ ಯಾರೂ ಇರಲಿಲ್ಲ. ಬದುಕಿದ್ದವರನ್ನು ಮೀನು ಹಿಡಿಯುವವರು ಎರಡನೆಯ ದಿನವೇ ತಮ್ಮ ದೋಣಿಗಳಲ್ಲಿ ಕರೆತಂದಿದ್ದರು. ಸತ್ತವರನ್ನು ಹೊರತೆಗೆಯುವ ಕೆಲಸ ಆರನೆಯ ದಿನ ಮುಗಿದಿತ್ತು. ಒಟ್ಟು ಮೂವತ್ತನಾಲ್ಕು. ಈಗ ಅಲ್ಲಿ ಉಳಿದದ್ದು ಎದೆಮಟ್ಟದ ಕಂದು ನೀರು, ಅದರ ಮೇಲೆ ತೇಲುವ ಚಪ್ಪಲಿಗಳು.

ಅಧಿಕಾರಿ ತಾಳ್ಮೆಯಿಂದ ಬಿಡಿಸಿ ಹೇಳಿದ. ಹನ್ನೊಂದಕ್ಕೆ ಮಂತ್ರಿಗಳು ಬರುತ್ತಾರೆ. ದೋಣಿಯಲ್ಲಿ ಕೇರಿಯೊಳಗೆ ಹೋಗುತ್ತಾರೆ. ತಾರಸಿಯ ಮೇಲೆ ಸಿಕ್ಕಿಕೊಂಡವರನ್ನು ಕೈ ಹಿಡಿದು ಇಳಿಸಿಕೊಳ್ಳುತ್ತಾರೆ. ಇಳಿಸಿಕೊಳ್ಳಬೇಕಾದರೆ ಮೇಲೆ ಯಾರಾದರೂ ಇರಬೇಕು. ಹತ್ತಿಸುವ ವ್ಯವಸ್ಥೆ ತನ್ನದು.

ಅವನಿಗೆ ಒಂದು ಮಗು ಬೇಕಿತ್ತು. ತಾಯಂದಿರು ಕೊಡಲಿಲ್ಲ. ಬಸುರಿಯೊಬ್ಬಳಿದ್ದರೆ ಚೆನ್ನಾಗಿತ್ತು ಎಂದ. ಶಿಬಿರದಲ್ಲಿದ್ದ ಇಬ್ಬರು ಬಸುರಿಯರೂ ಆಸ್ಪತ್ರೆ ಸೇರಿದ್ದರು. ಕೊನೆಗೆ ಸಿಕ್ಕಿದವರು ನಾಲ್ವರು. ಒಬ್ಬ ಇಸ್ತ್ರಿ ತಾತ. ವಯಸ್ಸು ಎಪ್ಪತ್ತೊಂದು, ಕಿವಿ ಮಂದ, ಹೆಂಡತಿಯನ್ನು ನೆರೆಯಲ್ಲಿ ಕಳೆದುಕೊಂಡವನು. ಇನ್ನೊಬ್ಬಳು ಟೈಲರ್ ಅಕ್ಕ. ಹೊಲಿಗೆ ಯಂತ್ರ ಉಳಿದಿದೆಯೋ ಇಲ್ಲವೋ ನೋಡಬಹುದು ಎಂದು ಒಪ್ಪಿದಳು. ಮೂರನೆಯವನು ಬಸ್ಸಿನ ಕಂಡಕ್ಟರ್. ಎಂಟು ದಿನ ಕೂತು ಕೂತು ಅವನಿಗೆ ಸಾಕಾಗಿತ್ತು. ನಾಲ್ಕನೆಯವಳು ಅಣೆಕಟ್ಟೆಯ ಕಚೇರಿಯಲ್ಲಿ ಕಸ ಗುಡಿಸುವವಳು. ಅವಳನ್ನು ಯಾರೂ ಕೇಳಲಿಲ್ಲ. ಅಧಿಕಾರಿಯ ಪಕ್ಕದಲ್ಲಿ ನಿಂತಿದ್ದ ಅಣೆಕಟ್ಟೆಯ ಮೇಸ್ತ್ರಿ ಅವಳತ್ತ ಬೆರಳು ಮಾಡಿ, "ಇವಳು ನಮ್ಮವಳೇ ಸಾರ್, ಹೇಳಿದ್ದು ಮಾಡ್ತಾಳೆ" ಎಂದ.

ಕೇರಿಯಲ್ಲಿ ಅವಳನ್ನು ಪೊರಕೆ ಅಕ್ಕ ಎನ್ನುತ್ತಿದ್ದರು. ಅಣೆಕಟ್ಟೆಯಲ್ಲಿ ಏಯ್ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅವಳು ಎರಡಕ್ಕೂ ಓಗೊಡುತ್ತಿದ್ದಳು.

ಶಿಬಿರದಲ್ಲಿ ಕೊಟ್ಟ ಬಟ್ಟೆ ತೀರಾ ಶುಭ್ರವಾಗಿದೆ, ಟಿವಿಯಲ್ಲಿ ಸರಿಹೋಗುವುದಿಲ್ಲ ಎಂದು ಅಧಿಕಾರಿ ಆಕ್ಷೇಪಿಸಿದ. ನೆರೆಯ ದಿನ ಉಟ್ಟ ಬಟ್ಟೆ ಶಾಲೆಯ ಬೇಲಿಯ ಮೇಲೆ ಒಗೆದು ಒಣಗಿಸಿದ್ದಿತ್ತು. ಅದನ್ನೇ ಹಾಕಿಕೊಳ್ಳಲು ಹೇಳಿದ. ಹಾಕಿಕೊಂಡ ಮೇಲೆ ತಲಾ ಒಂದು ಬಕೆಟ್ ನೀರು ಸುರಿಸಿದ. ತಾತ ಕೆಮ್ಮುತ್ತಿದ್ದ. ಅವನಿಗೆ ಅರ್ಧ ಬಕೆಟ್ ಸಾಕು ಎಂದು ರಿಯಾಯಿತಿ ಕೊಟ್ಟ.

"ಅವತ್ತು ನೆನೆದಿದ್ದು ಸಾಲ್ಲಿಲ್ಲ ಅನ್ಸುತ್ತೆ" ಎಂದ ಕಂಡಕ್ಟರ್, ಮುಖ ಒರೆಸಿಕೊಳ್ಳುತ್ತ.

ಒರೆಸಿಕೊಳ್ಳಬೇಡ ಎಂದ ಅಧಿಕಾರಿ.

ಬೆಳಕು ಚೆನ್ನಾಗಿ ಬೀಳುತ್ತದೆ ಎಂದು ಅವನು ಆರಿಸಿದ ತಾರಸಿ ಅವರು ನಾಲ್ವರೂ ಬಾಡಿಗೆಗಿದ್ದ ಸಾಲುಮನೆಯದೇ ಆಗಿತ್ತು. ಒಂದು ಸಾಲಿಗೆ ಹನ್ನೆರಡು ಕೋಣೆ, ಎಲ್ಲಕ್ಕೂ ಸೇರಿ ಒಂದು ತಾರಸಿ, ತುದಿಯಲ್ಲಿ ಒಂದು ಕಬ್ಬಿಣದ ಏಣಿ. ದೋಣಿ ಅವರನ್ನು ಅಲ್ಲಿ ಬಿಟ್ಟು ಹಿಂದಿರುಗಿತು. ಮಂತ್ರಿಗಳು ಬರುವವರೆಗೆ ಕೈ ಬೀಸುವುದು ಬೇಡ, ಬಂದ ಮೇಲೆ ಬೀಸಿ ಎಂದು ಅಧಿಕಾರಿ ದೋಣಿಯಿಂದಲೇ ಕೂಗಿ ಹೇಳಿದ.

ಅವಳು ನಾಲ್ಕನೆಯ ಕೋಣೆಯ ಮೇಲೆ ಹೋಗಿ ನಿಂತಳು. ಅದರ ಕೆಳಗೆ ಅವಳ ತಂಗಿ ಇದ್ದಳು. ಮೂರನೆಯ ದಿನದವರೆಗೆ ಇದ್ದಳು.

ನಡೆದದ್ದು ಇಷ್ಟು.

ಅಣೆಕಟ್ಟೆಯ ಗೋಪುರದ ತುದಿಯಲ್ಲಿ ಸೈರನ್ ಇತ್ತು. ನಾಲ್ಕು ದಿಕ್ಕಿಗೆ ಬಾಯಿ ತೆರೆದ ನಾಲ್ಕು ಕಹಳೆ. ಗೇಟು ಎತ್ತಿ ನೀರು ಬಿಡುವ ಮೊದಲು ಅದು ಕೂಗಬೇಕು. ಕೂಗಿದ ಮೇಲೆ ನೀರು ತಗ್ಗಿನ ಕೇರಿ ತಲುಪಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೇರಿಯಿಂದ ಶಾಲೆಯ ದಿಬ್ಬಕ್ಕೆ ಹನ್ನೆರಡು ನಿಮಿಷದ ನಡಿಗೆ. ಕೈಗೂಸು ಎತ್ತಿಕೊಂಡು, ಮುದುಕರನ್ನು ಹೊತ್ತುಕೊಂಡು ಹೋದರೂ ಇಪ್ಪತ್ತು. ಸೈರನ್ ಸರಿಯಾಗಿದೆಯೇ ಎಂದು ತಿಳಿಯಲು ಪ್ರತಿ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅದು ತಾನಾಗಿಯೇ ಒಂದು ನಿಮಿಷ ಕೂಗುತ್ತಿತ್ತು.

ನೆರೆಗೆ ಇಪ್ಪತ್ತು ದಿನ ಮುಂಚೆ, ಒಂದು ಬುಧವಾರ, ಅಣೆಕಟ್ಟೆಯ ಮಗ್ಗುಲಲ್ಲಿ ಉದ್ಯಾನಕ್ಕೆ ಅಡಿಗಲ್ಲು ಹಾಕಲು ಮಂತ್ರಿಗಳು ಬಂದರು. ಭಾಷಣ ಹನ್ನೊಂದಕ್ಕೆ. ಎಂಜಿನಿಯರಿಗೆ ಸೈರನ್ನಿನ ನೆನಪಾದದ್ದು ಒಂಬತ್ತೂವರೆಗೆ. ಅದರ ಗಡಿಯಾರ ಉಕ್ಕಿನ ಪೆಟ್ಟಿಗೆಯೊಳಗಿತ್ತು. ಪೆಟ್ಟಿಗೆಯ ಕೀಲಿ ಗುತ್ತಿಗೆದಾರನ ಹತ್ತಿರ. ಗುತ್ತಿಗೆದಾರ ಊರಲ್ಲಿಲ್ಲ. ಕರೆಂಟು ತೆಗೆದರೆ ಮೈಕೂ ಸತ್ತುಹೋಗುತ್ತದೆ. ಕಚೇರಿಯಲ್ಲಿ ಮುಕ್ಕಾಲು ಗಂಟೆ ಓಡಾಟ ನಡೆಯಿತು. ಯಾರಿಗೂ ಬೇಡವಾದ ಕೆಲಸಗಳೆಲ್ಲ ಕೊನೆಗೆ ಎಲ್ಲಿಗೆ ಬರುತ್ತವೋ ಇದೂ ಅಲ್ಲಿಗೇ ಬಂತು.

"ಏಯ್, ಮೇಲೆ ಹತ್ತಿ ಅದರ ಬಾಯಿಗೆ ಬಟ್ಟೆ ತುರುಕಿ ಬಾ" ಎಂದ ಮೇಸ್ತ್ರಿ.

ಉಗ್ರಾಣದಲ್ಲಿ ಹಳೆಯ ಬಟ್ಟೆ ಇರಲಿಲ್ಲ. ಅತಿಥಿಗೃಹದ ಬಾಗಿಲಲ್ಲಿ ಇಸ್ತ್ರಿಗೆಂದು ಕಟ್ಟಿಟ್ಟಿದ್ದ ಗಂಟನ್ನು ಬಿಚ್ಚಿ ಮೇಸ್ತ್ರಿಯೇ ಒಂಬತ್ತು ಬೆಡ್‌ಶೀಟು ಎಳೆದುಕೊಟ್ಟ. ಅವಳು ಅವನ್ನು ಬೆನ್ನಿಗೆ ಕಟ್ಟಿಕೊಂಡು ಗೋಪುರದ ಏಣಿ ಹತ್ತಿದಳು. ಅರವತ್ತೆರಡು ಮೆಟ್ಟಿಲು. ತುಕ್ಕು ಅಂಗೈಗೆ ಅಂಟಿತು. ತುದಿಯಲ್ಲಿ ಪಾರಿವಾಳದ ಹಿಕ್ಕೆ, ಜಾರುವಂಥದ್ದು. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಪೊರಕೆಯ ಹಿಡಿಯಿಂದ ಬಟ್ಟೆ ತಳ್ಳಿದಳು. ಮೂರು ಬಾಯಿಗೆ ಎರಡೆರಡು. ತಗ್ಗಿನ ಕೇರಿಯ ಕಡೆಗಿದ್ದ ಬಾಯಿಗೆ ಮೂರು, ಯಾಕೆಂದರೆ ವೇದಿಕೆಯೂ ಆ ಕಡೆಗೇ ಇತ್ತು. ಗಾಳಿಗೆ ಹಾರಿಹೋಗದಂತೆ ದಾರದಿಂದ ಬಿಗಿದಳು. ಅಚ್ಚುಕಟ್ಟಾದ ಕೆಲಸ. ಅವಳ ಕೆಲಸ ಯಾವತ್ತೂ ಅಚ್ಚುಕಟ್ಟೇ.

ಹನ್ನೊಂದಕ್ಕೆ ಸೈರನ್ ಮುದುಕನೊಬ್ಬ ಗಂಟಲು ಸರಿಮಾಡಿಕೊಂಡ ಹಾಗೆ ಸದ್ದು ಮಾಡಿತು. ಯಾರೂ ತಲೆಯೆತ್ತಲಿಲ್ಲ. ಮಂತ್ರಿಗಳು ಇಪ್ಪತ್ತು ನಿಮಿಷ ಜನರ ಸುರಕ್ಷತೆಯ ಬಗ್ಗೆ ಮಾತಾಡಿದರು.

ಮರುದಿನ ಅವಳು ಮೇಸ್ತ್ರಿಯನ್ನು ಕೇಳಿದಳು, ಬಟ್ಟೆ ತೆಗೆಯಲೇ ಎಂದು. ಹೇಳಿದಾಗ ತೆಗೆದರಾಯಿತು ಎಂದ. ಒಂದು ವಾರ ಬಿಟ್ಟು ಮತ್ತೆ ಕೇಳಿದಳು. ಮೇಸ್ತ್ರಿ ಎಂಜಿನಿಯರನ್ನು ಕೇಳಿಬಂದ. ಮಂತ್ರಿಗಳ ಮನೆಯವರು ಅತಿಥಿಗೃಹಕ್ಕೆ ಬರುವವರಿದ್ದಾರೆ, ಅವರಿಗೆ ಸದ್ದು ಆಗುವುದಿಲ್ಲ, ಇರಲಿ ಬಿಡು ಎಂದರಂತೆ. ಮೂರನೆಯ ಸಲ ಕೇಳಿದಾಗ, ನಿನಗ್ಯಾಕೆ ಆ ಉಸಾಬರಿ ಎಂದ. ನಾಲ್ಕನೆಯ ಸಲ ಅವಳು ಕೇಳಲಿಲ್ಲ. ಯಾರನ್ನೂ ಕೇಳದೆ ಹತ್ತಿ ತೆಗೆದುಬಿಡಬಹುದಾಗಿತ್ತು. ಏಣಿಗೆ ಬೀಗವಿರಲಿಲ್ಲ. ಈ ಒಂದನ್ನು ಅವಳು ಆಮೇಲೆ ಯಾರ ತಲೆಗೂ ಕಟ್ಟಲಿಲ್ಲ.

ಕೇರಿಯವರು ಸೈರನ್ ಯಾಕೆ ಕೂಗುತ್ತಿಲ್ಲ ಎಂದು ಅವಳನ್ನೇ ಕೇಳಿದರು. ರಿಪೇರಿ ಎಂದಳು.

ಅವಳ ತಂಗಿ ಬಿಸ್ಕತ್ತು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು. ಹಗಲು ಕಿವಿಗೆ ಹತ್ತಿ ತುರುಕಿಕೊಂಡು, ಬಾಗಿಲಿಗೆ ಚಿಲಕ ಹಾಕಿ, ಹೆಣದ ಹಾಗೆ ಮಲಗುವಳು. ಬುಧವಾರ ಮಾತ್ರ ಹನ್ನೊಂದಕ್ಕೆ ಎದ್ದು ಸೈರನ್ನಿಗೂ ಅದನ್ನು ಮಾಡಿದವರಿಗೂ ಶಾಪ ಹಾಕುವಳು. ಎರಡು ಬುಧವಾರ ಸದ್ದಿಲ್ಲದೆ ಕಳೆದ ಮೇಲೆ ಒಂದು ಸಂಜೆ ತಲೆ ಬಾಚಿಕೊಳ್ಳುತ್ತ, "ಯಾರೋ ಪುಣ್ಯಾತ್ಮರು ಅದನ್ನ ಕೆಡಿಸಿದ್ದಾರೆ ಕಣೇ ಅಕ್ಕ, ನಿದ್ದೆ ಅಂದ್ರೆ ನಿದ್ದೆ" ಎಂದಳು. ಅಕ್ಕ ನಕ್ಕಳು. ಹನ್ನೊಂದು ವರ್ಷದಲ್ಲಿ ಅವಳ ಕೆಲಸವನ್ನು ಒಬ್ಬರು ಮೆಚ್ಚಿದ್ದು ಅದೇ ಮೊದಲು.

ನೆರೆ ಬಂದದ್ದು ಮಂಗಳವಾರ. ಅಕ್ಕನಿಗೆ ವಾರದ ರಜೆ. ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಮೂರು ಇಪ್ಪತ್ತೈದಕ್ಕೆ ಬೀದಿಯ ತಿರುವಿನಲ್ಲಿ ನೀರು ಕಂಡಿತು. ಏಣಿ ಇಳಿಯುವಷ್ಟರಲ್ಲಿ ಅದು ಸೊಂಟಕ್ಕೆ ಬಂದಿತ್ತು. ನಾಲ್ಕನೆಯ ಕೋಣೆಯ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ನೀರು ಅದನ್ನು ಒತ್ತಿ ಹಿಡಿದಿತ್ತು. ಬಡಿದಳು. ಕೂಗಿದಳು. ನೀರು ಗಲ್ಲಕ್ಕೆ ಬಂದಾಗ ಕಂಡಕ್ಟರ್ ಅವಳ ಜುಟ್ಟು ಹಿಡಿದು ಏಣಿಗೆ ಎಳೆದ. ಆಮೇಲೆ ಕತ್ತಲಾಗುವವರೆಗೆ ಅವಳು ತಾರಸಿಯ ಮೇಲೆ, ಸರಿಯಾಗಿ ನಾಲ್ಕನೆಯ ಕೋಣೆಯ ನೆತ್ತಿಯಲ್ಲಿ ನಿಂತು, ಹಿಮ್ಮಡಿಯಿಂದ ನೆಲ ಕುಟ್ಟಿದಳು. ಹಿಮ್ಮಡಿ ಒಡೆದು ರಕ್ತ ಬಂತು. ಯಾರೂ ಅವಳನ್ನು ತಡೆಯಲಿಲ್ಲ.

ನಾಲ್ಕನೆಯ ದಿನ ಸರ್ಕಾರದ ಹೇಳಿಕೆ ಬಂತು. ಎರಡು ನಲವತ್ತಕ್ಕೆ ಸೈರನ್ ಒತ್ತಲಾಯಿತು, ತಗ್ಗು ಪ್ರದೇಶದ ಜನರು ಎಚ್ಚರಿಕೆಯನ್ನು ನಿರ್ಲಕ್ಷಿಸಿದ್ದಾರೆ. ಹೇಳಿಕೆಯ ಮೊದಲ ಭಾಗ ಸುಳ್ಳಲ್ಲ. ಕಾವಲುಗಾರ ಎರಡು ನಲವತ್ತಕ್ಕೆ ಗುಂಡಿ ಒತ್ತಿ, ಪುಸ್ತಕದಲ್ಲಿ ಬರೆದು, ಸಹಿ ಹಾಕಿದ್ದ. ಕೂಗಿತೋ ಇಲ್ಲವೋ ಎಂದು ಬರೆಯಲು ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಶಿಬಿರದಲ್ಲಿ ಜನ ತಮ್ಮತಮ್ಮಲ್ಲೇ ಕಚ್ಚಾಡಿದರು. ನನಗೆ ಸಣ್ಣಗೆ ಕೇಳಿಸಿದ ಹಾಗಿತ್ತು ಎಂದು ಒಬ್ಬರು, ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಇನ್ನೊಬ್ಬರು. ಇಸ್ತ್ರಿ ತಾತ ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ. ಅವನ ಹೆಂಡತಿಗೆ ಎರಡು ವರ್ಷದಿಂದ ಕೈಕಾಲು ಬಿದ್ದುಹೋಗಿ ಮಾತು ನಿಂತಿತ್ತು. ನೀರು ಬಂದಾಗ ಅವನು ಬೀದಿಯ ತುದಿಯ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದ. ಸೈರನ್ ಕೂಗಿದೆ, ನನ್ನ ಕೆಟ್ಟ ಕಿವಿಗೆ ಕೇಳಿಸಿಲ್ಲ, ಕೇಳಿಸಿದ್ದರೆ ಹೊತ್ತುಕೊಂಡು ಹೋಗುತ್ತಿದ್ದೆ. ಅವನು ಇದನ್ನು ಊಟಕ್ಕೆ ಕೂತಾಗೊಮ್ಮೆ ಹೇಳುತ್ತಿದ್ದ. ಒಂದು ಸಲ ಅಂಗೈಯಿಂದ ತನ್ನ ಕಿವಿಗೆ ತಾನೇ ಹೊಡೆದುಕೊಂಡ. ಪೊರಕೆ ಅಕ್ಕ ಪಕ್ಕದಲ್ಲೇ ಕೂತು ಅನ್ನ ಕಲಸುತ್ತಿದ್ದಳು. ಬಾಯಿ ಬಿಡಲಿಲ್ಲ. ಬಿಟ್ಟರೆ ಈ ಜನ ತನ್ನನ್ನು ಹರಿದು ಹಾಕುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಹರಿದು ಹಾಕುವುದು ನ್ಯಾಯವೆಂದೂ ಗೊತ್ತಿತ್ತು. ಭಯ ಎರಡರದ್ದೂ ಇತ್ತು.

ಹನ್ನೊಂದೂವರೆಗೆ ದೋಣಿಗಳು ಬಂದವು. ಮೊದಲನೆಯದರಲ್ಲಿ ಮಂತ್ರಿಗಳು, ಬಿಳಿ ಬಟ್ಟೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು. ಅವರ ಹಿಂದೆ ಎಂಜಿನಿಯರ್, ಮೇಸ್ತ್ರಿ, ಪ್ರಚಾರ ಅಧಿಕಾರಿ. ಎರಡನೆಯದರಲ್ಲಿ ಕ್ಯಾಮೆರಾಗಳು. ತಾರಸಿಯ ಮೇಲಿನವರು ಹೇಳಿದ ಹಾಗೆ ಕೈ ಬೀಸಿದರು.

ರಕ್ಷಣೆಗೆ ಮುಂಚೆ ಮಂತ್ರಿಗಳು ಧ್ವನಿವರ್ಧಕದಲ್ಲಿ ನಾಲ್ಕು ಮಾತಾಡಿದರು. ದುಃಖವಾಗಿದೆ ಎಂದರು. ಎರಡು ನಲವತ್ತಕ್ಕೆ ಸೈರನ್ ಒತ್ತಲಾಯಿತು, ಅಧಿಕಾರಿಗಳು ಕರ್ತವ್ಯದಲ್ಲಿ ಕೂದಲೆಳೆಯಷ್ಟೂ ಲೋಪ ಮಾಡಿಲ್ಲ ಎಂದರು. ಜನರೂ ಸ್ವಲ್ಪ ಕಿವಿ ತೆರೆದಿಟ್ಟುಕೊಳ್ಳಬೇಕು ಎಂದರು.

ಏನಂತೆ ಎಂದು ತಾತ ಕೇಳಿದ. ಟೈಲರ್ ಅಕ್ಕ ಅವನ ಕಿವಿಗೆ ಬಾಯಿಟ್ಟು, "ನಾವು ಕಿವಿ ತೆರೆದಿರಬೇಕಿತ್ತಂತೆ" ಎಂದಳು.

"ಹೌದಲ್ಲ" ಎಂದ ತಾತ. ತಲೆಯಾಡಿಸಿದ. ನ್ಯಾಯವಾದ ಮಾತು ಕೇಳಿದವನ ಹಾಗೆ ತಲೆಯಾಡಿಸಿದ.

ದೋಣಿ ಏಣಿಗೆ ತಾಗಿತು. ಮಂತ್ರಿಗಳು ಕೈ ಚಾಚಿ, ಬಾಮ್ಮ ಎಂದರು. ಗುಡಿಸುವವಳು ಮೊದಲು ಇಳಿಯಬೇಕೆಂದು ಮೊದಲೇ ಗೊತ್ತುಮಾಡಿತ್ತು. ಅವಳು ಏಣಿಯ ಬಾಯಿಗೆ ಬಂದು ನಿಂತಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬರಲ್ಲ" ಎಂದಳು.

ಹೆದರಿದ್ದಾಳೆ ಎಂದು ಪ್ರಚಾರ ಅಧಿಕಾರಿ ಕ್ಯಾಮೆರಾದವರಿಗೆ ವಿವರಿಸಿದ. ಭಯಪಡಬೇಡಮ್ಮ, ನಾನಿದ್ದೀನಿ ಎಂದರು ಮಂತ್ರಿಗಳು.

"ಭಯ ಇಲ್ಲ ಸಾರ್. ಸೈರನ್ ಒತ್ತಿದ್ರು. ಅದು ಕೂಗ್ಲಿಲ್ಲ. ಅದರ ಬಾಯಿಗೆ ಬಟ್ಟೆ ತುರುಕಿತ್ತು. ತುರುಕಿದವಳು ನಾನು. ನಿಮ್ಮ ಭಾಷಣಕ್ಕೆ ಅಡ್ಡಿ ಆಗ್ಬಾರದು ಅಂತ ತುರುಕ್ಸಿದ್ರು. ಆಮೇಲೆ ಯಾರೂ ತೆಗಿ ಅನ್ಲಿಲ್ಲ. ನಾನೂ ತೆಗೀಲಿಲ್ಲ."

ಮಂತ್ರಿಗಳ ಮುಖದಲ್ಲಿ ನಗು ಹಾಗೇ ನಿಂತಿತ್ತು. ಕ್ಯಾಮೆರಾ ಎದುರಿಗಿದ್ದಾಗ ಅದು ಅಷ್ಟು ಬೇಗ ಹೋಗುವಂಥದ್ದಲ್ಲ. ಟೈಲರ್ ಅಕ್ಕ ಅವಳತ್ತ ತಿರುಗಿದಳು. ಜುಟ್ಟು ಹಿಡಿದು ಬದುಕಿಸಿದ್ದ ಕಂಡಕ್ಟರ್ ತಿರುಗಿದ. ಈಗ ತಳ್ಳುತ್ತಾರೆ ಎಂದುಕೊಂಡಳು. ಕೈ ಬೆನ್ನ ಹಿಂದೆಯೇ ಇಟ್ಟುಕೊಂಡಳು.

"ಏನಂದ್ಲು?" ಎಂದ ತಾತ.

ಅವಳೇ ಬಗ್ಗಿ ಅವನ ಕಿವಿಗೆ ಹೇಳಿದಳು. "ತಾತ, ಅವತ್ತು ಸೈರನ್ ಕೂಗಲೇ ಇಲ್ಲ. ನಿನ್ನ ಕಿವಿದು ತಪ್ಪಿಲ್ಲ. ನಾನು ಅದಕ್ಕೆ ಬಟ್ಟೆ ತುರುಕಿದ್ದೆ."

ಎಂಥ ಬಟ್ಟೆ ಎಂದು ತಾತ ಕೇಳಿದ. ಅತಿಥಿಗೃಹದ ಬೆಡ್‌ಶೀಟು ಎಂದಳು.

"ಎಷ್ಟು?"

"ಒಂಬತ್ತು."

"ಒಂಬತ್ತೇ" ಎಂದ ತಾತ.

ಅತಿಥಿಗೃಹದ ಗಂಟಿನಲ್ಲಿ ಒಂಬತ್ತು ಬೆಡ್‌ಶೀಟು ಕಡಿಮೆಯಾಗಿವೆ ಎಂದು ಕಳೆದ ತಿಂಗಳು ಅವನನ್ನು ಕಳ್ಳ ಎಂದಿದ್ದರು. ಅಂಗಡಿಗೂ ಮನೆಗೂ ಬಂದು ಮಂಚದ ಕೆಳಗೆಲ್ಲ ಹುಡುಕಿದ್ದರು. ಮಾತು ನಿಂತಿದ್ದ ಹೆಂಡತಿಯನ್ನು ಮಗ್ಗುಲು ಹೊರಳಿಸಿ ಅವಳ ಕೆಳಗೂ ನೋಡಿದ್ದರು. ಮೂವತ್ತು ವರ್ಷದ ಅತಿಥಿಗೃಹದ ಕೆಲಸ ಅವತ್ತಿಗೆ ತಪ್ಪಿತ್ತು. ತಾತ ನಿಧಾನವಾಗಿ ನಡೆದು ತಾರಸಿಯ ಅಂಚಿನ ಕಟ್ಟೆಯ ಮೇಲೆ ಕೂತ. ಕೂತು ಮಂತ್ರಿಗಳತ್ತ ನೋಡಿ, "ನಾನೂ ಬರಲ್ಲ" ಎಂದ.

ಟೈಲರ್ ಅಕ್ಕ ತಾತನ ಪಕ್ಕ ಕೂತಳು. ಗುಡಿಸುವವಳ ಕಡೆ ನೋಡದೆ, "ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ. ಮೊದಲು ಇವರನ್ನ" ಎಂದಳು. ಕಂಡಕ್ಟರ್ ನಿಂತೇ ಇದ್ದ, ಆದರೆ ಏಣಿಯಿಂದ ದೂರ ಸರಿದು ನಿಂತ.

ಮಂತ್ರಿಗಳು ಧ್ವನಿವರ್ಧಕ ಎತ್ತಿದರು. ಪಾಪ, ಆಘಾತದಲ್ಲಿದ್ದಾಳೆ ಎಂದರು. ಆದರೂ ತನಿಖೆ ಮಾಡಿಸುತ್ತೇನೆ, ತಪ್ಪು ಮಾಡಿದವರು ಯಾರೇ ಆಗಿರಲಿ ಬಿಡುವುದಿಲ್ಲ ಎಂದರು.

"ತಪ್ಪು ಮಾಡಿದವಳು ಇಲ್ಲೇ ಇದ್ದೀನಲ್ಲ ಸಾರ್, ನನ್ನಿಂದಲೇ ಶುರು ಮಾಡಿ. ನಂಗೆ ಹೇಳಿದವರು ನಿಮ್ಮ ದೋಣೀಲೇ ಇದ್ದಾರೆ. ಅವರಿಗೆ ಹೇಳಿದವರೂ ಅಲ್ಲೇ ಇದ್ದಾರೆ. ಒಬ್ಬೊಬ್ಬರಾಗಿ ಮೇಲೆ ಬಂದು, ನಾನು ಮಾಡ್ದೆ ಅಂತ ನನ್ನ ಹಾಗೆ ಹೇಳ್ಲಿ. ನೀವೂ ಹೇಳಿ. ಆಮೇಲೆ ಇಳೀತೀವಿ."

ಮೇಸ್ತ್ರಿ ನೀರು ನೋಡಿದ. ಎಂಜಿನಿಯರ್ ಮೊಬೈಲ್ ನೋಡಿದರು. ಆ ಭಾಗದಲ್ಲಿ ಎಂಟು ದಿನದಿಂದ ನೆಟ್‌ವರ್ಕ್ ಇರಲಿಲ್ಲ.

ಮಂತ್ರಿಗಳಿಗೆ ಬೇರೆ ಕಾರ್ಯಕ್ರಮವಿತ್ತು. ದೋಣಿ ತಿರುಗಿತು. ರಕ್ಷಣೆಯಾಗಬೇಕಿದ್ದ ನಾಲ್ವರೂ ತಾರಸಿಯ ಮೇಲೆ ಹಾಗೇ ಉಳಿದರು. ಬೇರೆ ಯಾರನ್ನಾದರೂ ಬೇರೆ ತಾರಸಿಗೆ ಹತ್ತಿಸಲು ಸಮಯವಿರಲಿಲ್ಲ.

ನಾಲ್ಕು ಗಂಟೆಗೆ ಪೊಲೀಸ್ ದೋಣಿ ಬಂತು. ಇಳಿಯಿರಿ, ಇಲ್ಲವಾದರೆ ಕ್ರಮ ಕೈಗೊಳ್ಳಬೇಕಾಗುತ್ತದೆ ಎಂದ ಇನ್ಸ್‌ಪೆಕ್ಟರ್. ಯಾವ ಕಾನೂನಿನಲ್ಲಿ ಎಂದು ಕಂಡಕ್ಟರ್ ಕೇಳಿದ. ಬಾಡಿಗೆ ಕರಾರಿನಲ್ಲಿ ತಾರಸಿಯೂ ಸೇರಿದೆ, ನಾವು ನಮ್ಮ ಮನೆಯ ಮೇಲೆ ಕೂತಿದ್ದೇವೆ, ಹತ್ತಿಸಿದವರು ಸರ್ಕಾರದವರು ಎಂದ. ಇನ್ಸ್‌ಪೆಕ್ಟರ್ ಮೇಲಿನವರನ್ನು ಕೇಳಿಬರುತ್ತೇನೆ ಎಂದು ಹೋದ. ಅವನು ಕೇಳುತ್ತಲೇ ಇದ್ದಿರಬೇಕು, ಆ ದಿನ ತಿರುಗಿ ಬರಲಿಲ್ಲ.

ಸಂಜೆ ಮೀನು ಹಿಡಿಯುವವರು ನೀರು, ಊಟ, ಹೊದಿಕೆ ತಂದುಕೊಟ್ಟರು. ಅವರ ದೋಣಿಗಳಲ್ಲಿ ಶಿಬಿರದ ಜನವೂ ಬಂದರು. ಮೊದಲು ಬೈಯಲು ಬಂದರು. ಮಗನನ್ನು ಕಳೆದುಕೊಂಡ ಹೆಂಗಸೊಬ್ಬಳು ದೋಣಿಯಲ್ಲೇ ಎದ್ದು ನಿಂತು ಗುಡಿಸುವವಳಿಗೆ ಬಾಯಿಗೆ ಬಂದದ್ದೆಲ್ಲ ಅಂದಳು. ಅವಳು ತಲೆ ತಗ್ಗಿಸಲಿಲ್ಲ, ಎದುರಾಡಲೂ ಇಲ್ಲ. ಬೈದು ಮುಗಿದ ಮೇಲೆ ಆ ಹೆಂಗಸು ಶಿಬಿರಕ್ಕೆ ಮರಳಲಿಲ್ಲ. ಎದುರಿನ ಸಾಲುಮನೆಯ ತಾರಸಿ ಹತ್ತಿ ಕೂತಳು. ಕತ್ತಲಾಗುವ ಮುಂಚೆ ತಗ್ಗಿನ ಕೇರಿಯ ತಾರಸಿಗಳ ಮೇಲೆ ಅರವತ್ತೇಳು ಜನರಿದ್ದರು. ಸರ್ಕಾರದ ಪಟ್ಟಿಯಲ್ಲಿ, ನೆರೆಯಲ್ಲಿ ಸಿಲುಕಿರುವವರ ಸಂಖ್ಯೆ ಅಂದು ಮೊದಲ ಬಾರಿಗೆ ಏರಿತು.

ಟೈಲರ್ ಅಕ್ಕ ಗುಡಿಸುವವಳೊಡನೆ ಮಾತು ಬಿಟ್ಟಿದ್ದಳು. ಮರುದಿನ ಬೆಳಗಿನ ಚಳಿಗೆ ಇವಳು ಉಟ್ಟ ಬಟ್ಟೆಯಲ್ಲೇ ನಡುಗುವುದು ಕಂಡು ಒಂದು ಹೊದಿಕೆ ಎಸೆದಳು.

"ಹೊದ್ಕೋ. ನೀನು ಸತ್ತರೆ ನಾನು ಯಾರನ್ನ ಬೈಲಿ."

ಎಂಟು ಗಂಟೆಗೆ ಮೇಸ್ತ್ರಿ ಬಂದ. ಜೊತೆಗೆ ದೋಣಿಯವನೊಬ್ಬನೇ. ಮೇಸ್ತ್ರಿಯ ಕೈಯಲ್ಲಿ ಅಂಟಿಸಿದ ಲಕೋಟೆ. ದೋಣಿಯಿಂದಲೇ ಎತ್ತಿ ಹಿಡಿದು, "ಏಯ್, ಇಳಿದು ಬಂದು ತಗೋ. ಸಹಿ ಹಾಕ್ಬೇಕು" ಎಂದ.

ಸಹಿ ಬೇಕಾದವರು ಮೇಲೆ ಬರಲಿ ಎಂದಳು.

ಮೇಸ್ತ್ರಿ ಒಂದಿಷ್ಟು ಗದರಿದ. ಅಕ್ಕಪಕ್ಕದ ತಾರಸಿಗಳಿಂದ ಅರವತ್ತು ಜನ ನೋಡುತ್ತಿದ್ದರು. ರಾತ್ರಿಯಿಡೀ ಅಲ್ಲೇ ಲಂಗರು ಹಾಕಿದ್ದ ಟಿವಿಯವರ ದೋಣಿಯಲ್ಲಿ ಕ್ಯಾಮೆರಾದವನು ಎದ್ದು ಕಣ್ಣುಜ್ಜಿಕೊಂಡ. ಮೇಸ್ತ್ರಿ ಲಕೋಟೆಯನ್ನು ಹಲ್ಲಲ್ಲಿ ಕಚ್ಚಿ ಏಣಿ ಹಿಡಿದ. ಹತ್ತೇ ಮೆಟ್ಟಿಲು. ಐದನೆಯದರಲ್ಲಿ ನಿಂತು ಉಸಿರು ತೆಗೆದುಕೊಂಡ. ಮೇಲೆ ಬಂದಾಗ ಅಂಗೈ ನೋಡಿಕೊಂಡು ಪ್ಯಾಂಟಿಗೆ ಒರೆಸಿದ.

ಲಕೋಟೆಯನ್ನು ಟೈಲರ್ ಅಕ್ಕ ಒಡೆದಳು. ಎಲ್ಲರಿಗೂ ಕೇಳುವಂತೆ ಓದಿದಳು. "ದಿನಗೂಲಿ ಗುಡಿಸುವವಳಾದ ಸದರಿ ಮಹಿಳೆಯು ಮೇಸ್ತ್ರಿಯೊಂದಿಗೆ ಸೇರಿಕೊಂಡು, ಅತಿಥಿಗೃಹದ ಒಂಬತ್ತು ಬೆಡ್‌ಶೀಟುಗಳನ್ನು ಕದ್ದು ಸೈರನ್ನಿನೊಳಗೆ ಬಚ್ಚಿಟ್ಟಿದ್ದು, ಇದರಿಂದಾಗಿ ಸೈರನ್ ನಿಷ್ಕ್ರಿಯವಾಗಿರುತ್ತದೆ. ಈ ವಿಷಯ ಮೇಲಧಿಕಾರಿಗಳ ಗಮನಕ್ಕೆ ಬಂದಿರುವುದಿಲ್ಲ. ಇಬ್ಬರನ್ನೂ ಕೆಲಸದಿಂದ ತೆಗೆದುಹಾಕಿದ್ದು, ಪೊಲೀಸರಿಗೆ ದೂರು ನೀಡಲಾಗಿರುತ್ತದೆ."

"ನಿನ್ನೆ ತನಕ ಏನೂ ಲೋಪ ಇರ್ಲಿಲ್ಲ" ಎಂದ ಕಂಡಕ್ಟರ್.

"ಇನ್ನೊಂದು ಸಲ ಓದಿ" ಎಂದ ಮೇಸ್ತ್ರಿ.

ಓದಿದಳು. ಮೇಸ್ತ್ರಿ ಕಾಗದ ಇಸಿದುಕೊಂಡು ತಾನೂ ಓದಿದ, ತುಟಿಯಾಡಿಸುತ್ತ. ತನ್ನ ಹೆಸರಿದ್ದ ಜಾಗಕ್ಕೆ ಬಂದು ನಿಂತ. ಅಡಿಯಲ್ಲಿ ಹಸಿರು ಶಾಯಿಯ ಸಹಿ ಇತ್ತು. ಆ ಸಹಿಯನ್ನು ಅವನು ಹತ್ತೊಂಬತ್ತು ವರ್ಷದಿಂದ ಬಲ್ಲ. ಬೆಳಿಗ್ಗೆ ಅದೇ ಕೈ ಲಕೋಟೆಗೆ ಅಂಟು ಬಳಿದು, ಹುಷಾರಾಗಿ ತಲುಪಿಸು ಎಂದು ಅವನ ಬೆನ್ನು ತಟ್ಟಿತ್ತು.

"ಇವರೇ ಹೇಳಿದ್ದು" ಎಂದ. "ಎಂಜಿನಿಯರೇ ಹೇಳಿದ್ದು. ಅವರಿಗೆ ಮಂತ್ರಿಗಳ ಕಾರ್ಯದರ್ಶಿ ಫೋನ್ ಮಾಡಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ."

"ಅದಲ್ಲ" ಎಂದಳು ಗುಡಿಸುವವಳು. "ಅವರದ್ದು ಅವರು ಬಂದು ಹೇಳ್ತಾರೆ. ನೀವು ನಿಮ್ಮದು ಹೇಳಿ."

ಮೇಸ್ತ್ರಿ ಸುತ್ತ ನೋಡಿದ. ಅವನಿಗೆ ಐವತ್ತಾರು ವರ್ಷ. ಇಷ್ಟು ವರ್ಷ ಅವನು ಹೇಳಿದ್ದೆಲ್ಲ ಮೇಲಿನವರು ಹೇಳಿದ್ದು, ಮಾಡಿದ್ದೆಲ್ಲ ಕೆಳಗಿನವರು ಮಾಡಿದ್ದು. ಸ್ವಂತದ್ದು ಎಂದು ಹೇಳಿ ಅಭ್ಯಾಸವಿರಲಿಲ್ಲ. ಯಾರೂ ಅವಸರ ಮಾಡಲಿಲ್ಲ. ಅವರಿಗೆ ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ.

"ಬಟ್ಟೆ ತುರುಕು ಅಂತ ನಾನು ಹೇಳ್ದೆ" ಎಂದ.

"ಜೋರಾಗಿ ಹೇಳಪ್ಪ" ಎಂದ ತಾತ.

"ಬಟ್ಟೆ ತುರುಕು ಅಂತ ನಾನು ಹೇಳ್ದೆ. ನಿಮ್ಮ ಗಂಟಿಂದ ಬೆಡ್‌ಶೀಟು ತೆಗೆದವನೂ ನಾನೇ. ತೆಗೀಲಾ ಅಂತ ಇವರು ಮೂರು ಸಲ ಕೇಳಿದ್ರು. ಬೇಡ ಅಂದೆ. ಮೂರು ಸಲಾನೂ ನಾನೇ ಬೇಡ ಅಂದೆ."

ಎದುರಿನ ತಾರಸಿಯಲ್ಲಿ ಯಾರೋ ಅಳತೊಡಗಿದರು. ತಾತ ಎರಡು ಸಲ ತಲೆಯಾಡಿಸಿ, ಕೂತ್ಕೋ ಎಂಬಂತೆ ಪಕ್ಕದ ನೆಲ ತಟ್ಟಿದ. ಮೇಸ್ತ್ರಿ ಕೂರಲಿಲ್ಲ. ಹೋಗಲೂ ಇಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿದ, ಮತ್ತೆ ತೆಗೆದು ಬಿಡಿಸಿ ಹಿಡಿದುಕೊಂಡ.

ಕೆಳಗಿನಿಂದ ದೋಣಿಯವನು, ಸಹಿ ಆಯಿತೇ, ಹೊರಡೋಣವೇ ಎಂದು ಕೂಗಿದ.

ಮೇಸ್ತ್ರಿ ಅಂಚಿಗೆ ಬಂದು ಕೆಳಗೆ ನೋಡಿದ. "ನಾನು ಬರಲ್ಲ. ನೀನು ಹೋಗಿ ಎಂಜಿನಿಯರನ್ನ ಕರ್ಕೊಂಡು ಬಾ."

"ಅವರು ಬರದೇ ಇದ್ರೆ?"

"ಮುಂದಿನ ಕಾಗದದಲ್ಲಿ ಅವರ ಹೆಸರೇ ಇರುತ್ತೆ, ಸಹಿ ಬೇರೆಯವರದ್ದಿರುತ್ತೆ ಅಂತ ಹೇಳು. ಬರ್ತಾರೆ."

ದೋಣಿಯವನು ಎಂಜಿನ್ ಚಾಲೂ ಮಾಡಿದ. ತಾರಸಿಯ ಮೇಲಿದ್ದವರು ಒಂದಿಷ್ಟು ಆಚೀಚೆ ಸರಿದು ಎಂಜಿನಿಯರಿಗೆ ಜಾಗ ಮಾಡಿದರು.